ವಾಟ್ಸಾಪ್‌ನಲ್ಲಿ ಮೂರನೇ ಟಿಕ್ ಇಲ್ಲ

"ನಾಳೆಯಿಂದ ಹೊಸ ನಿಯಮ. ಎಲ್ಲರ ಕರೆ ರೆಕಾರ್ಡ್ ಆಗುತ್ತದೆ. ಮೂರು ಟಿಕ್ ಬಂದರೆ ಸರ್ಕಾರ ನಿಮ್ಮ ಮೆಸೇಜ್ ನೋಡಿದೆ, ಕೆಂಪು ಟಿಕ್ ಬಂದರೆ ಕೇಸ್. ಸರ್ಕಾರದ ವಿರುದ್ಧ ಏನೂ ಹಾಕಬೇಡಿ." ಹುಬ್ಬಳ್ಳಿ-ಧಾರವಾಡದ ಓಣಿ ಗ್ರೂಪುಗಳಲ್ಲೂ ಸುತ್ತುವ ಈ ಹಳೇ ಫಾರ್ವರ್ಡ್ ಸುಳ್ಳು.

ಒಂದು ಬೂದು ಟಿಕ್ ಅಂದರೆ ಮೆಸೇಜ್ ಹೋಗಿದೆ, ಎರಡು ಬೂದು ಅಂದರೆ ತಲುಪಿದೆ, ಎರಡು ನೀಲಿ ಅಂದರೆ ಓದಿದ್ದಾರೆ. ಗ್ರೂಪಿನಲ್ಲಿ ಎಲ್ಲರೂ ಓದಿದ ಮೇಲೇ ನೀಲಿ. ಕೆಂಪು ಆಶ್ಚರ್ಯಸೂಚಕ ಕಂಡರೆ ಮೆಸೇಜ್ ಹೋಗಿಲ್ಲ, ಅಷ್ಟೇ. ಮೊದಲು ನೆಟ್‌ವರ್ಕ್ ನೋಡಿ.

2016ರಿಂದ ವಾಟ್ಸಾಪ್ ಮೆಸೇಜುಗಳು ಎಂಡ್-ಟು-ಎಂಡ್ ಎನ್‌ಕ್ರಿಪ್ಟ್ ಆಗಿರುತ್ತವೆ, ನಡುದಾರಿಯಲ್ಲಿ ಕಂಪನಿಯೂ ಓದಲಾರದು. ಸೋರುವುದು ಬೇರೆ ಕಡೆ. ಗ್ರೂಪಿನವರೇ ಸ್ಕ್ರೀನ್‌ಶಾಟ್ ತೆಗೆಯುತ್ತಾರೆ. ಯಾರಾದರೂ ರಿಪೋರ್ಟ್ ಒತ್ತಿದರೆ ಕೊನೆಯ ಐದು ಮೆಸೇಜುಗಳು ಕಂಪನಿಗೆ ಹೋಗುತ್ತವೆ. ಗೂಗಲ್ ಡ್ರೈವ್‌ನ ಬ್ಯಾಕಪ್‌ಗೆ ಈ ರಕ್ಷಣೆ ಬೇಕಿದ್ದರೆ ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್‌ಗೆ ಹೋಗಿ ಎನ್‌ಕ್ರಿಪ್ಟೆಡ್ ಬ್ಯಾಕಪ್ ಆನ್ ಆಗಿದೆಯೇ ನೋಡಿ. ಪಾಸ್‌ವರ್ಡ್ ಮರೆತರೆ ಮಾತ್ರ ಆ ಬ್ಯಾಕಪ್ ಕಂಪನಿಯಿಂದಲೂ ವಾಪಸ್ ಸಿಗದು.

ಇನ್ನು ಕೇಸಿನ ಮಾತು. "ಕಿರಿಕಿರಿ" ಉಂಟುಮಾಡುವ ಪೋಸ್ಟಿಗೂ ಮೂರು ವರ್ಷದವರೆಗೆ ಜೈಲು ಎನ್ನುತ್ತಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ರದ್ದು ಮಾಡಿದೆ. ಹಾಗಂತ ಎಲ್ಲಕ್ಕೂ ಮಾಫಿಯಿಲ್ಲ: ಕೋಮುದ್ವೇಷ ಹಚ್ಚುವ ಪೋಸ್ಟಿಗೆ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂ ಇದೆ. ರಸ್ತೆ ಗುಂಡಿಯ ಫೋಟೊ, ನೀರು ಬರದ ದೂರು, ಸಚಿವರ ಟೀಕೆ ಆ ಸಾಲಿಗೆ ಸೇರುವುದಿಲ್ಲ. ಈ ಫಾರ್ವರ್ಡ್ ಬಾಯಿ ಮುಚ್ಚಿಸುವುದು ಮಾತ್ರ ಇಂಥವನ್ನು ಹಾಕುವವರದನ್ನೇ.