ದುಡ್ಡಿಗಾಗಿ ಅಲ್ಲವೇ ಅಲ್ಲ

ಪ್ರತಿ ವರ್ಷ ಜೂನ್ ಬಂತೆಂದರೆ ಯುರೋಪಿನ ಫುಟ್‌ಬಾಲ್ ಒಂದು ಸಲ ಸಾಯುತ್ತದೆ. ಸಾಯಿಸುವವರು ದುಡ್ಡು ಸುರಿದು ಆಟಗಾರರನ್ನು ಕರಕೊಂಡು ಹೋಗುವ ಸೌದಿ ಅರೇಬಿಯಾದವರು. ಎದೆ ಬಡಿದುಕೊಂಡು ಅಳುವವರು ಲಂಡನ್, ಮ್ಯಾಡ್ರಿಡ್, ಮ್ಯೂನಿಕ್‌ನವರು. ಸೆಪ್ಟೆಂಬರ್ ಹೊತ್ತಿಗೆ ಆಟಗಾರರನ್ನು ಮಾರುವ ಕೊಳ್ಳುವ ಸಂತೆ ಮುಗಿಯುತ್ತದೆ, ಸತ್ತದ್ದು ಎದ್ದು ಕೂತು ಶನಿವಾರದ ಪಂದ್ಯ ಆಡುತ್ತದೆ. ಅತ್ತವರೇ ಟಿವಿಯಲ್ಲಿ ಕೂತು ವೀಕ್ಷಕ ವಿವರಣೆ ಕೊಡುತ್ತಾರೆ.

ಇದೆಲ್ಲ ಶುರುವಾದ ಬಗೆ ನಿಮಗೆ ಗೊತ್ತೇ ಇದೆ. 2022ರ ಡಿಸೆಂಬರ್ ಕೊನೆಗೆ ಕ್ರಿಸ್ಟಿಯಾನೊ ರೊನಾಲ್ಡೊ ರಿಯಾದ್‌ನ ಅಲ್ ನಸ್ರ್ ಕ್ಲಬ್ ಸೇರಿದರು. ವರ್ಷಕ್ಕೆ ಸುಮಾರು 200 ಮಿಲಿಯನ್ ಯೂರೊ ಎಂದು ಪತ್ರಿಕೆಗಳು ಬರೆದವು. ನಮ್ಮ ಲೆಕ್ಕದಲ್ಲಿ ದಿನಕ್ಕೆ ಸುಮಾರು 5 ಕೋಟಿ ರೂಪಾಯಿ. ಭಾನುವಾರ, ಹಬ್ಬ, ಮೈ ಹುಷಾರಿಲ್ಲದ ದಿನ ಎಲ್ಲ ಸೇರಿ. ಮೊದಲ ಪತ್ರಿಕಾಗೋಷ್ಠಿಯಲ್ಲಿ ಅವರು, ಇಲ್ಲಿಗೆ ಬಂದೆ ಅಂದರೆ ನನ್ನ ಆಟದ ಬದುಕು ಮುಗೀತು ಅಂತಲ್ಲ ಎಂದರು. 'ಇಲ್ಲಿಗೆ' ಅನ್ನುವ ಕಡೆ ಅವರ ಬಾಯಲ್ಲಿ ಬಂದದ್ದು 'ದಕ್ಷಿಣ ಆಫ್ರಿಕಾ'. ಪಾಪ, ಅವರ ತಪ್ಪಲ್ಲ. ಅಷ್ಟು ಸಂಬಳ ಕೊಟ್ಟರೆ ನಾನಾದರೂ ಅಷ್ಟೇ, ಯಾವ ಖಂಡಕ್ಕೆ ಹೋಗುತ್ತಿದ್ದೇನೆ ಅಂತ ಕೇಳುತ್ತಿರಲಿಲ್ಲ.

ನನಗೆ ಸಿಟ್ಟಿರುವುದು ದುಡ್ಡಿನ ಮೇಲಲ್ಲ. ಒಳ್ಳೆ ಸಂಬಳ ಸಿಕ್ಕರೆ ಕೆಲಸ ಬಿಡದವನು ಯಾರು? ಸಿಟ್ಟಿರುವುದು ಆಮೇಲೆ ಬರುವ ಭಾಷಣದ ಮೇಲೆ. ಒಬ್ಬರಾದರೂ 'ದುಡ್ಡಿಗೆ ಬಂದೆ' ಅನ್ನಬೇಕಲ್ಲ! ಹೊಸ ಸವಾಲಂತೆ. ಕ್ಲಬ್ಬಿನ ದೊಡ್ಡ ಕನಸಂತೆ. ಹೆಂಡತಿ ಮಕ್ಕಳಿಗೆ ಊರು ಇಷ್ಟವಾಯಿತಂತೆ. ಆ ದೇಶದಲ್ಲಿ ಫುಟ್‌ಬಾಲ್ ಬೆಳೆಸಬೇಕಂತೆ. ಬೆಳೆಸಲಿ ಸ್ವಾಮಿ, ಸಂತೋಷ. ಆದರೆ ಈ ಬೆಳೆಸುವ ಆಸೆ ಬಾಂಗ್ಲಾದೇಶದ ಲೀಗ್ ಕಂಡಾಗ ಯಾಕೆ ಹುಟ್ಟುವುದಿಲ್ಲ?

ಈ ಕಲೆಯಲ್ಲಿ ಪದಕ ಕೊಡುವುದಾದರೆ ಜೋರ್ಡಾನ್ ಹೆಂಡರ್ಸನ್ ಅವರಿಗೇ ಕೊಡಬೇಕು. ಲಿವರ್‌ಪೂಲ್ ನಾಯಕ. ಸಲಿಂಗಿಗಳ ಪರವಾಗಿ ಕಾಮನಬಿಲ್ಲಿನ ಬಣ್ಣದ ಲೇಸು, ತೋಳುಪಟ್ಟಿ ಎಲ್ಲ ಕಟ್ಟಿಕೊಂಡು ಆಡಿದವರು. ಜನ ಅವರನ್ನು ಮನಸಾರೆ ಮೆಚ್ಚಿದ್ದರು. 2023ರ ಜುಲೈನಲ್ಲಿ ಅವರು ದಮ್ಮಾಮ್‌ನ ಅಲ್ ಎತ್ತಿಫಾಕ್ ಸೇರಿದರು. ಸಲಿಂಗ ಸಂಬಂಧ ಅಪರಾಧ ಅನ್ನುವ ದೇಶ ಅದು. ಕ್ಲಬ್ಬಿನವರು ಸ್ವಾಗತಕ್ಕೆ ಒಂದು ವಿಡಿಯೊ ಮಾಡಿದರು. ಅದರಲ್ಲಿ ಹೆಂಡರ್ಸನ್ನರ ಹಳೆಯ ಚಿತ್ರವೊಂದಿತ್ತು. ತೋಳಲ್ಲಿ ಅದೇ ಪಟ್ಟಿ. ಬಣ್ಣ ಮಾತ್ರ ಬೂದು.

ಆ ವಿಡಿಯೊ ಮಾಡಿದವನನ್ನು ನಾನು ಆಗಾಗ ನೆನೆಸಿಕೊಳ್ಳುತ್ತೇನೆ. ಕಂಪ್ಯೂಟರ್ ಮುಂದೆ ಕೂತು, ಚಹಾ ಕುಡಿಯುತ್ತಾ, ಒಂದು ಇಡೀ ಚಳವಳಿಯ ಬಣ್ಣವನ್ನು ಮೌಸ್‌ನಲ್ಲಿ ಎಳೆದು ಬೂದಿ ಮಾಡಿದ ಪುಣ್ಯಾತ್ಮ. ಬೇರೆ ಚಿತ್ರ ಸಿಗಲಿಲ್ಲವೇ ಮಾರಾಯ? ಲಿವರ್‌ಪೂಲ್‌ನಲ್ಲಿ ಹನ್ನೆರಡು ವರ್ಷ ಆಡಿದ ಮನುಷ್ಯನ ಚಿತ್ರಗಳಿಗೆ ಬರವೇ? ಬೇಸಾಯ ಮಾಡುವವನು ಕಳೆ ಕಿತ್ತ ಹಾಗೆ ಎಷ್ಟು ಚೊಕ್ಕವಾಗಿ ಕಿತ್ತಿದ್ದಾನೆ ನೋಡಿ. ಹೆಂಡರ್ಸನ್ ಆಮೇಲೆ ಸಂದರ್ಶನದಲ್ಲಿ, ನಂಬಿದರೆ ನಂಬಿ, ಬಿಟ್ಟರೆ ಬಿಡಿ, ನನಗೆ ದುಡ್ಡು ಯಾವತ್ತೂ ಮುಖ್ಯವಾಗಿಲ್ಲ ಎಂದರು. ಆರು ತಿಂಗಳಿಗೇ ಅಲ್ಲಿಂದ ಗಂಟುಮೂಟೆ ಕಟ್ಟಿ ಆಮ್‌ಸ್ಟರ್‌ಡ್ಯಾಮ್‌ನ ಅಯಾಕ್ಸ್‌ಗೆ ಹೋದರು. ಜನ ಬಿಟ್ಟದ್ದೇ ಸರಿಯಾಯಿತು.

ದಮ್ಮಾಮ್ ಅಂದಾಗ ನೆನಪಾಯಿತು. ದಮ್ಮಾಮ್, ಜುಬೈಲ್, ರಿಯಾದ್, ಜಿದ್ದಾ ಇವೆಲ್ಲ ನಮ್ಮ ಕರಾವಳಿಗೆ ಹೊಸ ಊರುಗಳಲ್ಲ. ಉಳ್ಳಾಲದಲ್ಲೋ ಭಟ್ಕಳದಲ್ಲೋ ನಿಂತು ಕೇಳಿ ನೋಡಿ, ಬೆಂಗಳೂರಿನ ಬಡಾವಣೆಗಿಂತ ಜುಬೈಲ್‌ನ ಬೀದಿ ಚೆನ್ನಾಗಿ ಗೊತ್ತಿರುವವರು ಸಿಗುತ್ತಾರೆ. ಏಜೆಂಟನಿಗೆ ಸಾಲ ಮಾಡಿ ದುಡ್ಡು ಕಟ್ಟಿ, ವೀಸಾಗೆ ತಿಂಗಳುಗಟ್ಟಲೆ ಕಾದು, ಬಜ್ಪೆಯಲ್ಲಿ ವಿಮಾನ ಹತ್ತುವ ಹುಡುಗನನ್ನು ಯಾಕಪ್ಪಾ ಹೋಗ್ತಿದ್ದೀಯ ಅಂತ ಕೇಳಿ. 'ಮತ್ತೆಂತಕ್ಕೆ, ದುಡ್ಡಿಗೆ' ಅನ್ನುತ್ತಾನೆ. ತಂಗಿ ಮದುವೆ, ಮನೆಗೊಂದು ತಾರಸಿ, ಅಷ್ಟೇ. ಅವನು ಯಾವತ್ತೂ ಸೌದಿಯ ವೆಲ್ಡಿಂಗ್ ಕ್ಷೇತ್ರವನ್ನು ಮುಂದಿನ ಹಂತಕ್ಕೆ ಒಯ್ಯುವ ಕನಸು ನನಗಿದೆ ಅಂದದ್ದಿಲ್ಲ. ದೊಡ್ಡ ಸಂಬಳಕ್ಕೇ ದೊಡ್ಡ ಸುಳ್ಳು ಬೇಕಾಗುವುದೇನೋ.

ಸತ್ಯ ಹೇಳಿದವರು ಇಲ್ಲವೇ ಇಲ್ಲ ಎನ್ನುವಂತಿಲ್ಲ. ಬ್ರೆಜಿಲ್‌ನ ಆಸ್ಕರ್ ಅಂತ ಒಬ್ಬರಿದ್ದರು. 25ನೇ ವಯಸ್ಸಿಗೆ ಲಂಡನ್ನಿನ ಚೆಲ್ಸಿ ಕ್ಲಬ್ ಬಿಟ್ಟು ಚೀನಾದ ಶಾಂಘೈಗೆ ಹೋದರು, 2017ರ ಆರಂಭದಲ್ಲಿ. ಕೆಲಸ ಮಾಡುವ ಪ್ರತಿಯೊಬ್ಬನೂ ಮನೆಯವರಿಗಾಗಿ ದುಡಿಯಲು ನೋಡುತ್ತಾನೆ ಎಂದರು. ಎಲ್ಲರೂ ಅವರನ್ನೇ ಬೈದರು.

ಚೀನಾದ ಆ ಜಾತ್ರೆ ನೆನಪಿದೆಯಲ್ಲ? ಆಗಲೂ ಯುರೋಪಿನ ಫುಟ್‌ಬಾಲ್ ಸತ್ತಿತ್ತು. ಅರ್ಜೆಂಟೀನಾದ ತೆವೆಜ್ ಶಾಂಘೈ ಶೆನ್‌ಹುವಾಗೆ ಹೋಗಿ, ಜಗತ್ತಿನಲ್ಲೇ ಜಾಸ್ತಿ ಸಂಬಳ ಪಡೆಯುವ ಆಟಗಾರರ ಸಾಲಿಗೆ ಸೇರಿ, ಲೀಗ್‌ನಲ್ಲಿ ನಾಲ್ಕು ಗೋಲು ಹೊಡೆದು, ಊರಿಗೆ ವಾಪಸ್ ಬಂದು, ಏಳು ತಿಂಗಳು ರಜೆಯಲ್ಲಿದ್ದೆ ಅಂದುಬಿಟ್ಟರು. 2017ರಲ್ಲೇ ಅಲ್ಲಿನ ಫುಟ್‌ಬಾಲ್ ಸಂಘ ವಿದೇಶಿ ಆಟಗಾರರ ದುಬಾರಿ ಖರೀದಿ ಮೇಲೆ ನೂರಕ್ಕೆ ನೂರು ತೆರಿಗೆ ಹಾಕಿತ್ತು. ಜಿಯಾಂಗ್ಸು ತಂಡ 2020ರ ನವೆಂಬರ್‌ನಲ್ಲಿ ಚಾಂಪಿಯನ್ ಆಯಿತು, 2021ರ ಫೆಬ್ರವರಿಯಲ್ಲಿ ಬಾಗಿಲು ಹಾಕಿತು. ಕಪ್ ಒರೆಸಿ ಇಡುವಷ್ಟರಲ್ಲಿ ಕಪಾಟೇ ಇರಲಿಲ್ಲ. ಎಂಟು ಸಲ ಲೀಗ್ ಗೆದ್ದ ಗುವಾಂಗ್‌ಝೌ ಕೂಡ ಸಾಲ ತೀರಿಸಲಾಗದೆ 2025ರ ಜನವರಿಯಲ್ಲಿ ಮುಚ್ಚಿತು. ಯುರೋಪಿನವರು ಇದನ್ನು ತೋರಿಸಿ, ನೋಡಿ, ದುಡ್ಡಿನಿಂದ ಫುಟ್‌ಬಾಲ್ ಕೊಳ್ಳಲಾಗದು ಎಂದು ಪಾಠ ಹೇಳಿದರು. ಸೌದಿ ಮಾಡುತ್ತಿರುವುದೂ ಚೀನಾದ ತಪ್ಪನ್ನೇ ಎಂದು ಯುರೋಪಿನ ಫುಟ್‌ಬಾಲ್ ಒಕ್ಕೂಟ ಯುಇಎಫ್‌ಎ ಅಧ್ಯಕ್ಷ ಚೆಫೆರಿನ್ 2023ರಲ್ಲಿ ಹೇಳಿದ್ದರು.

ದುಡ್ಡಿನಿಂದ ಕೊಳ್ಳಲಾಗದಂತೆ! ಇದನ್ನು ಕೇಳಿ ನಗದೆ ಇರುವವರಿಗೆ ಒಂದು ನಮಸ್ಕಾರ. 2003ರಲ್ಲಿ ಚೆಲ್ಸಿ ಕೊಂಡವರು ರಷ್ಯಾದ ಸಿರಿವಂತ ಅಬ್ರಮೊವಿಚ್. 2008ರಲ್ಲಿ ಮ್ಯಾಂಚೆಸ್ಟರ್ ಸಿಟಿ ಅಬುಧಾಬಿ ಪಾಲಾಯಿತು. 2011ರಲ್ಲಿ ಪ್ಯಾರಿಸ್‌ನ ಪಿಎಸ್‌ಜಿ ಕತಾರ್ ಪಾಲಾಯಿತು. ಅದೇ ಪಿಎಸ್‌ಜಿ 2017ರಲ್ಲಿ ಬಾರ್ಸಿಲೋನಾದಿಂದ ನೇಮಾರ್ ಅವರನ್ನು 222 ಮಿಲಿಯನ್ ಯೂರೊ ಕೊಟ್ಟು ಎತ್ತಿಕೊಂಡಿತು. ಕೊಲ್ಲಿಯ ದುಡ್ಡು ಯುರೋಪಿಗೆ ಬಂದರೆ ಹೂಡಿಕೆ. ಯುರೋಪಿನ ಆಟಗಾರ ಕೊಲ್ಲಿಗೆ ಹೋದರೆ ಸಂಸ್ಕೃತಿಯ ನಾಶ. ಇನ್ನು ಬ್ರೆಜಿಲ್, ಸೆನೆಗಲ್, ಘಾನಾದಿಂದ ಮೀಸೆ ಚಿಗುರುವ ಮೊದಲೇ ಹುಡುಗರನ್ನು ಕರಕೊಂಡು ಹೋಗುತ್ತಾರಲ್ಲ, ಅದಕ್ಕೆ ಪ್ರತಿಭಾಶೋಧ ಅನ್ನಬೇಕು. ಅಲ್ಲಿನ ಲೀಗ್‌ಗಳಿಗೆ ಅಳುವುದಕ್ಕೆ ಟಿವಿ ಸ್ಟುಡಿಯೊ ಇರಲಿಲ್ಲ, ಅಷ್ಟೇ.

ಲೆಕ್ಕ ಬೇಕಾದರೆ ನೋಡಿ. ಜಗತ್ತೇ ಬೆಚ್ಚಿಬಿದ್ದ 2023ರ ಬೇಸಿಗೆಯಲ್ಲಿ ಸೌದಿ ಲೀಗ್ ಆಟಗಾರರಿಗೆ ಸುರಿದದ್ದು 95.7 ಕೋಟಿ ಡಾಲರ್ ಎಂದು ಲೆಕ್ಕಪತ್ರ ಸಂಸ್ಥೆ ಡೆಲಾಯ್ಟ್ ಹೇಳಿತು. ಅದೇ ಬೇಸಿಗೆಯಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಸುರಿದದ್ದು 236 ಕೋಟಿ ಪೌಂಡ್. ಡಾಲರ್ ಲೆಕ್ಕದಲ್ಲಿ ಸುಮಾರು ಮೂರು ಪಟ್ಟು. ಬೆಲೆ ಏರಿಸುತ್ತಿದ್ದಾರೆ ಎಂದು ಬೊಬ್ಬೆ ಹಾಕಿದವರು ಯಾರು ಅಂತ ನಾನು ಹೇಳಬೇಕಿಲ್ಲ ಅಲ್ವಾ? ಚೆಲ್ಸಿಯಂತೂ ಬೇಡವಾದವರನ್ನೆಲ್ಲ ಅದೇ ಸೌದಿಗೆ ಕಳಿಸಿ ಮನೆ ಗುಡಿಸಿಕೊಂಡಿತು. ಕೂಲಿಬಾಲಿ ಹೋದರು, ಮೆಂಡಿ ಹೋದರು. ಅಳುವಾಗಲೂ ಕೈ ಚಾಚಿ ಚೆಕ್ ಇಸಕೊಂಡರು.

ಇಂಗ್ಲೆಂಡಿನ ನ್ಯೂಕ್ಯಾಸಲ್ ಕ್ಲಬ್ಬಿನ ಕಥೆ ಇನ್ನೂ ಚೆಂದ. ಸೌದಿಯ ಸರ್ಕಾರಿ ನಿಧಿ ಪಿಐಎಫ್ 2021ರಲ್ಲಿ ಆ ಕ್ಲಬ್ಬನ್ನು ಕೊಂಡಿತು. 2023ರ ಜೂನ್‌ನಲ್ಲಿ ಅದೇ ನಿಧಿ ಅಲ್ ನಸ್ರ್, ಅಲ್ ಹಿಲಾಲ್, ಅಲ್ ಇತ್ತಿಹಾದ್, ಅಲ್ ಅಹ್ಲಿ, ನಾಲ್ಕರಲ್ಲೂ ಮುಕ್ಕಾಲು ಪಾಲು ತೆಗೆದುಕೊಂಡಿತು. ಅಂದರೆ ಲೀಗ್‌ನ ನಾಲ್ಕು ಬದ್ಧವೈರಿಗಳಿಗೆ ಒಬ್ಬನೇ ಯಜಮಾನ. ಸ್ವಲ್ಪ ದಿನಕ್ಕೇ ನ್ಯೂಕ್ಯಾಸಲ್‌ನ ಆಟಗಾರ ಸೇಂಟ್-ಮ್ಯಾಕ್ಸಿಮಿನ್ ಅಲ್ ಅಹ್ಲಿಗೆ ಮಾರಾಟವಾದರು. ಎಡಗಿಸೆಯವನು ಬಲಗಿಸೆಯವನ ಜತೆ ಕೂತು ಚೌಕಾಸಿ ಮಾಡಿದ್ದನ್ನು ನೋಡುವ ಭಾಗ್ಯ ನಮಗಿರಲಿಲ್ಲ. ಒಂದೇ ಮಾಲೀಕರ ಕ್ಲಬ್ಬುಗಳ ನಡುವೆ ಆಟಗಾರರನ್ನು ಎರವಲು ಕೊಡುವುದನ್ನು ತಡೆಯೋಣ ಎಂದು ಪ್ರೀಮಿಯರ್ ಲೀಗ್ ಆ ನವೆಂಬರ್‌ನಲ್ಲಿ ಮತಕ್ಕೆ ಹಾಕಿತು. 14 ಮತ ಬೇಕಿತ್ತು, 13 ಬಿತ್ತು. ಸುಮ್ನೆ ಇರಿ, ಪ್ರಜಾಪ್ರಭುತ್ವ.

ಆಗ ರಿಯಲ್ ಮ್ಯಾಡ್ರಿಡ್‌ನಲ್ಲಿ ಆಡುತ್ತಿದ್ದ ಟೋನಿ ಕ್ರೂಸ್ ಪ್ರಾಮಾಣಿಕರು, ಅದು ಒಪ್ಪತಕ್ಕದ್ದೇ. 21 ವರ್ಷದ ಗಾಬ್ರಿ ವೇಗಾ ಸ್ಪೇನಿನ ಸೆಲ್ಟಾ ಕ್ಲಬ್ ಬಿಟ್ಟು ಅಲ್ ಅಹ್ಲಿ ಸೇರಿದಾಗ ಇನ್‌ಸ್ಟಾಗ್ರಾಂನಲ್ಲಿ ನಾಚಿಕೆಗೇಡು ಎಂದು ಬರೆದರು. ಅದಾಗಿ ಕೆಲವೇ ತಿಂಗಳಿಗೆ, 2024ರ ಜನವರಿಯಲ್ಲಿ ಕ್ರೂಸ್ ಎಲ್ಲಿ ಆಡುತ್ತಿದ್ದರು ಗೊತ್ತಾ? ರಿಯಾದ್‌ನಲ್ಲಿ. ಸ್ಪ್ಯಾನಿಷ್ ಸೂಪರ್ ಕಪ್. ಹೌದು, ಸ್ಪೇನಿನ ನಾಲ್ಕು ತಂಡಗಳು ಸ್ಪೇನಿನ ಕಪ್ಪಿಗಾಗಿ ಹೊಡೆದಾಡುವುದು ಸೌದಿಯಲ್ಲಿ. ವರ್ಷಕ್ಕೆ 40 ಮಿಲಿಯನ್ ಯೂರೊ ಒಪ್ಪಂದ. ಬಾರ್ಸಿಲೋನಾದ ಜೆರಾರ್ಡ್ ಪೀಕೆ ಇನ್ನೂ ಬೂಟು ಕಟ್ಟಿ ಆಡುತ್ತಿದ್ದಾಗಲೇ ಅವರ ಕಂಪನಿ ನಡುವೆ ನಿಂತು ಕುದುರಿಸಿದ ವ್ಯವಹಾರ. ಕ್ರೂಸ್ ಕಾಲಿಗೆ ಚೆಂಡು ಸಿಕ್ಕಾಗಲೆಲ್ಲ ರಿಯಾದ್‌ನ ಜನ ಸಿಳ್ಳೆ ಹೊಡೆದು ಹಂಗಿಸಿದರು. ಮಾಡಿದ್ದುಣ್ಣೋ ಮಹರಾಯ. ಆ ಸಂಜೆ ಮಾತ್ರ ನಾನು ಪೂರ್ತಿ ಸೌದಿ ಪ್ರೇಕ್ಷಕರ ಪಕ್ಷ.

ನಮ್ಮ ದೇಶದ ಪಾಡನ್ನೂ ಹೇಳಿಬಿಡುತ್ತೇನೆ. 2023ರ ಏಷ್ಯನ್ ಚಾಂಪಿಯನ್ಸ್ ಲೀಗ್‌ನಲ್ಲಿ ಮುಂಬೈ ಸಿಟಿ ಮತ್ತು ಅಲ್ ಹಿಲಾಲ್ ಒಂದೇ ಗುಂಪಿಗೆ ಬಿದ್ದವು. ಆಗ ಅಲ್ ಹಿಲಾಲ್‌ನಲ್ಲಿದ್ದ ನೇಮಾರ್ ಭಾರತಕ್ಕೆ ಬರ್ತಾರೆ! ಜನ ಕುಣಿದಾಡಿದರು. ಅಕ್ಟೋಬರ್‌ನಲ್ಲಿ ಬ್ರೆಜಿಲ್ ಪರ ಆಡುವಾಗ ಅವರ ಮಂಡಿ ಹೋಯಿತು. ಬಂದದ್ದು ಉಳಿದವರು. ನೇಮಾರ್ ಅಲ್ ಹಿಲಾಲ್‌ಗೆ ಒಟ್ಟು ಆಡಿದ್ದು ಏಳು ಪಂದ್ಯ, ಹೊಡೆದದ್ದು ಒಂದು ಗೋಲು. ಪಿಎಸ್‌ಜಿಗೆ ಕೊಟ್ಟ ಸುಮಾರು 90 ಮಿಲಿಯನ್ ಯೂರೊ ಒಂದನ್ನೇ ಹಿಡಿದರೂ ಪಂದ್ಯಕ್ಕೆ 115 ಕೋಟಿ ರೂಪಾಯಿ ಆಯಿತು. ಗೋಲಿಗೆ ಎಷ್ಟು ಅಂತ ಭಾಗಾಕಾರ ಮಾಡುವ ಕಷ್ಟವೂ ಇಲ್ಲ. 2025ರ ಅಕ್ಟೋಬರ್‌ನಲ್ಲಿ ಅಲ್ ನಸ್ರ್ ಮಡಗಾಂವ್‌ಗೆ ಬಂತು, ಎಫ್‌ಸಿ ಗೋವಾ ವಿರುದ್ಧ ಆಡಲು. ರೊನಾಲ್ಡೊ ಬರಲಿಲ್ಲ. ಆದರೂ ಬ್ರೈಸನ್ ಫರ್ನಾಂಡಿಸ್ ಎಂಬ ನಮ್ಮ ಹುಡುಗ ಆ ಶ್ರೀಮಂತರ ವಿರುದ್ಧ ಒಂದು ಗೋಲು ಹೊಡೆದ. 2-1ರಿಂದ ಸೋತರೂ ಅದೊಂದು ನೋಡುವಂಥ ರಾತ್ರಿ.

ಆ ವರ್ಷವೇ ಆಗಸ್ಟ್‌ನಲ್ಲಿ, ನಮ್ಮ ದೇಶದ ದೊಡ್ಡ ಲೀಗ್ ಐಎಸ್‌ಎಲ್ ನಡೆಯುತ್ತದೋ ಇಲ್ಲವೋ ತಿಳಿಯದೆ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಸಂಬಳವನ್ನೇ ನಿಲ್ಲಿಸಿತ್ತು. ಹಾಗಾಗಿ ಯಾರೋ ನಮ್ಮ ಆಟಗಾರರನ್ನು ಹಾರಿಸಿಕೊಂಡು ಹೋಗುತ್ತಾರೆ ಎಂಬ ಯುರೋಪಿನ ದುಃಖ ನಮಗೆ ಅರ್ಥವಾಗುವುದು ಸ್ವಲ್ಪ ಕಷ್ಟ. ಯಾರಾದರೂ ಬಂದು ಹಾರಿಸಿಕೊಂಡು ಹೋಗ್ರಪ್ಪಾ ಅಂತ ಬಾಗಿಲು ತೆರೆದಿಟ್ಟು ಕೂತವರು ನಾವು.

ಇಷ್ಟು ಹೊತ್ತು ನಕ್ಕದ್ದಾಯಿತು. ಇದು ಬರೀ ಆಟಗಾರರ ಸಂಬಳದ ವಿಷಯ ಅಲ್ಲ ಎಂದು ಎಲ್ಲರಿಗೂ ಗೊತ್ತು. 2018ರಲ್ಲಿ ಇಸ್ತಾಂಬುಲ್‌ನ ಸೌದಿ ಕಾನ್ಸುಲೇಟ್‌ಗೆ ಮದುವೆಯ ಕಾಗದ ಮಾಡಿಸಲು ಹೋದ ಪತ್ರಕರ್ತ ಜಮಾಲ್ ಖಶೋಗಿ ಹೊರಗೆ ಬರಲಿಲ್ಲ. ದೇಹವೂ ಸಿಗಲಿಲ್ಲ. ಐದು ವರ್ಷದ ನಂತರ, ಕ್ರೀಡೆಯ ಹೆಸರಲ್ಲಿ ಮುಖ ತೊಳೆದುಕೊಳ್ಳುತ್ತಿದ್ದೀರಂತೆ ಎಂದು ಟಿವಿಯವರು ಕೇಳಿದಾಗ ಯುವರಾಜ ಮೊಹಮ್ಮದ್ ಬಿನ್ ಸಲ್ಮಾನ್, ಅದರಿಂದ ಜಿಡಿಪಿ ಶೇ 1 ಏರುವುದಾದರೆ ಮುಂದುವರಿಸುತ್ತೇನೆ ಎಂದರು. ಮುಚ್ಚುಮರೆಯೇ ಇಲ್ಲ. ಈ ಇಡೀ ನಾಟಕದಲ್ಲಿ ದುಡ್ಡಿಗಾಗಿ ಎಂದು ನೇರವಾಗಿ ಒಪ್ಪಿಕೊಂಡ ದೊಡ್ಡ ಮನುಷ್ಯ ಅವರೊಬ್ಬರೇ. ಇದನ್ನು ಬರೆಯುವಾಗ ನನಗೆ ತಮಾಷೆ ಅನಿಸುತ್ತಿಲ್ಲ, ಸಾಕಾಗಿದೆ.

2024ರ ಡಿಸೆಂಬರ್ 11ರಂದು ಫಿಫಾ 2034ರ ವಿಶ್ವಕಪ್ಪನ್ನು ಸೌದಿಗೆ ಕೊಟ್ಟಿತು. ಅರ್ಜಿ ಹಾಕಿದ್ದು ಒಂದೇ ದೇಶ. ಮತದಾನ ಹೇಗೆ ನಡೆಯಿತು ಅಂತೀರಾ? ವಿಡಿಯೊ ಸಭೆಯಲ್ಲಿ ಎಲ್ಲರೂ ಕ್ಯಾಮೆರಾ ಮುಂದೆ ಚಪ್ಪಾಳೆ ತಟ್ಟಿದರು. ಚಪ್ಪಾಳೆಯೇ ಮತ. ಇದು ಸರಿಯಾದ ಪದ್ಧತಿಯಲ್ಲ ಎಂದು ನಾರ್ವೆ ತಕರಾರು ಬರೆದುಕೊಟ್ಟಿತು. ಇಂಗ್ಲೆಂಡ್, ಜರ್ಮನಿ ಸಂಘಗಳು ಬೆಂಬಲ ಕೊಟ್ಟವು. ಜೂನ್ ಬಂದರೆ ಎದೆ ಬಡಿದುಕೊಳ್ಳುವ ಕೈಗಳು ಡಿಸೆಂಬರ್‌ನಲ್ಲಿ ಇನ್ನೊಂದು ಕೆಲಸಕ್ಕೂ ಬರುತ್ತವೆ.

ಆ ವಿಶ್ವಕಪ್ಪಿಗೆ 15 ಕ್ರೀಡಾಂಗಣ ಬೇಕು. 11 ಹೊಸದಾಗಿ ಕಟ್ಟಬೇಕು. ಅರ್ಜಿಯ ಪ್ರಕಾರ ನಿಯೋಮ್ ಎಂಬ ಕನಸಿನ ಊರಿನ ಕ್ರೀಡಾಂಗಣ ನೆಲದಿಂದ 350 ಮೀಟರ್ ಎತ್ತರದಲ್ಲಿರುತ್ತದೆ. ಪ್ರೇಕ್ಷಕರು ಲಿಫ್ಟ್‌ನಲ್ಲಿ ಹೋಗಬೇಕು. ಅದು ಚಿತ್ರದಲ್ಲೇ ಉಳಿಯುತ್ತದೋ ನಿಜವಾಗಿ ಏಳುತ್ತದೋ, ಉಳಿದವನ್ನಂತೂ ಯಾರಾದರೂ ಕಟ್ಟಲೇಬೇಕಲ್ಲ. ಕಟ್ಟುವವರು ನೇಪಾಳದವರು, ಬಾಂಗ್ಲಾದವರು, ಬಿಹಾರದವರು, ನಮ್ಮವರೂ ಕೆಲವರು. ಐವತ್ತು ಡಿಗ್ರಿ ಹತ್ತಿರದ ಬಿಸಿಲು. ಪಾಸ್‌ಪೋರ್ಟ್ ಮಾಲೀಕನ ಬೀರುವಿನಲ್ಲಿ. ಅದು ಕಾನೂನಿನ ಪ್ರಕಾರ ತಪ್ಪು, ಆದರೂ ನಡೆಯುತ್ತದೆ ಎಂದು ಹೋಗಿ ಬಂದವರು ಹೇಳುತ್ತಾರೆ. ಫ್ರಾನ್ಸಿನ ಆಟಗಾರ ಎಂಬಾಪೆಗಾಗಿ ಅಲ್ ಹಿಲಾಲ್ 300 ಮಿಲಿಯನ್ ಯೂರೊ ಹಿಡಿದು ನಿಂತಾಗ ಅವರು ಮಾತಿಗೂ ಕೂರಲಿಲ್ಲ, ಬೇಡ ಎಂದು ಮನೆಗೆ ಹೋದರು. ಬೇಡ ಎಂದು ಮನೆಗೆ ಹೋಗಬೇಕಾದರೆ ವೆಲ್ಡಿಂಗ್ ಹುಡುಗ ಮೊದಲು ಏಜೆಂಟನ ಸಾಲ ತೀರಿಸಬೇಕು.