ಹಳೇ ಬಗ್ ನಂಬರ್ ಅಳಿಸಬೇಡಿ

ಸಾಫ್ಟ್‌ವೇರ್‌ನ ದೋಷಗಳನ್ನು (ಬಗ್) ನಂಬರ್ ಹಾಕಿ ದಾಖಲಿಸಿಡುವ ಬಗ್ ಟ್ರ್ಯಾಕರ್ ಅಪ್‌ಗ್ರೇಡ್ ಮಾಡುವವರಿಗೆ ಒಂದು ಮಾತು ಹೇಳಲೇಬೇಕು. ಹೊಸ ವರ್ಷನ್ ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಹಳೇ ಬಗ್ ನಂಬರ್, ಹಳೇ ಲಿಂಕ್, ಹಳೇ ಎಪಿಐ (ಬೇರೆ ಪ್ರೋಗ್ರಾಂಗಳು ಟ್ರ್ಯಾಕರ್ ಜೊತೆ ಮಾತಾಡುವ ದಾರಿ) ಕೆಲಸ ಮಾಡ್ತಾ ಇರಲಿ. ಸ್ಕ್ರೀನ್ ಹೇಗೆ ಬದಲಾದರೂ ನಾಲ್ಕು ದಿನದಲ್ಲಿ ರೂಢಿಯಾಗುತ್ತದೆ. ಹೋದ ನಂಬರ್‌ಗೆ ರೂಢಿಯಾಗಿ ಏನು ಬಂತು?

ನಾನು ಶಿರಸಿಯಲ್ಲಿ ಮನೆಯಿಂದಲೇ ಕೆಲಸ ಮಾಡುವವನು. ನಮ್ಮದು ಅಡಿಕೆ ವ್ಯಾಪಾರದವರು ಬಳಸುವ ಲೆಕ್ಕದ ಸಾಫ್ಟ್‌ವೇರ್. ಚಾಲಿ, ರಾಶಿ, ಬೆಟ್ಟೆ, ಒಂದೊಂದಕ್ಕೂ ಒಂದೊಂದು ದರ, ತೂಕ ಕ್ವಿಂಟಲ್ ಲೆಕ್ಕದಲ್ಲಿ. ಕೋಡ್‌ನಲ್ಲಿ ಒಂದು ಕಡೆ ತೂಕವನ್ನು ಮೊದಲು ಎರಡು ದಶಮಾಂಶಕ್ಕೆ ಇಳಿಸಿ ಆಮೇಲೆ ದರದಿಂದ ಗುಣಿಸುವ ಸಾಲು ಇತ್ತು. ನೋಡಿದರೆ ಸುಮ್ನೆ ಬರೆದ ಹಾಗೆ ಕಾಣುತ್ತದೆ. ಪಕ್ಕದಲ್ಲೇ ಕಾಮೆಂಟ್: 'ತೆಗೆಯಬೇಡಿ, ಬಗ್ 2217 ನೋಡಿ.' ಆ 2217ರಲ್ಲಿ ಒಬ್ಬ ವ್ಯಾಪಾರಿ ಕಳಿಸಿದ ಫೋಟೊ ಇತ್ತು, ಒಂದೇ ಲಾಟ್‌ಗೆ ಕೈಚೀಟಿಯಲ್ಲಿ ಒಂದು ಮೊತ್ತ, ಬಿಲ್‌ನಲ್ಲಿ ಇನ್ನೊಂದು, ಕೆಳಗೆ ನಮ್ಮವರ ಉದ್ದ ಚರ್ಚೆ. ಟ್ರ್ಯಾಕರ್ ಬದಲಾಯಿಸಿದಾಗ ಎಲ್ಲದಕ್ಕೂ ಹೊಸ ನಂಬರ್ ಬಿತ್ತು. ಮಾಹಿತಿ ಸಾಗಿಸಿದ ಸಿಎಸ್‌ವಿ ಫೈಲ್‌ನಲ್ಲಿ ಹೆಸರು ಮತ್ತು ಸ್ಟೇಟಸ್ ಮಾತ್ರ ಬಂತು, ಚರ್ಚೆ, ಫೋಟೊ ಬರಲಿಲ್ಲ. ಈಗ 2217 ಹಾಕಿದರೆ ಯಾವುದೋ ಪ್ರಿಂಟರ್ ತಕರಾರು ತೆರೆಯುತ್ತದೆ. ಹೊಸದಾಗಿ ಸೇರಿದ ಹುಡುಗ ಅದನ್ನು ನೋಡಿ, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂತ ಸಾಲು ತೆಗೆದ. ಅವನದು ಏನೂ ತಪ್ಪಿಲ್ಲ, ಅವನು ನೋಡಬೇಕಾದ್ದನ್ನು ನೋಡಿದ್ದಾನೆ. ಅಡಿಕೆ ಸೀಸನ್‌ನಲ್ಲಿ ಅದೇ ತಕರಾರು ಮತ್ತೆ ಬಂತು.

ನಮ್ಮ ಕಡೆ ತೋಟ ಪಾಲಾದರೆ ಸರ್ವೆ ನಂಬರ್ ಹಾಗೇ ಉಳಿದು ಪಕ್ಕದಲ್ಲಿ ಹಿಸ್ಸಾ ಸೇರುತ್ತದೆ. ಅಜ್ಜನ ಕಾಲದ ಕಾಗದ ಹಿಡಿದು ಇವತ್ತಿನ ಪಹಣಿ ಹುಡುಕಬಹುದು. ಬಗ್ ನಂಬರ್‌ಗೂ ಇದೇ ಮರ್ಯಾದೆ ಸಿಗಬೇಕು ಅಲ್ವಾ?

ಆಗದ ಕೆಲಸ ಅಲ್ಲ ಇದು. ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾದವರ ಬಗ್ ಟ್ರ್ಯಾಕರ್ ಬಗ್‌ಜಿಲ್ಲಾ 1998ರದ್ದು. ಮೊದಲು ಟಿಸಿಎಲ್ ಭಾಷೆಯಲ್ಲಿತ್ತು, ಆಮೇಲೆ ಪರ್ಲ್‌ಗೆ ಬಂತು. ಇಷ್ಟಾದರೂ 20 ವರ್ಷದ ಹಿಂದಿನ ಇಮೇಲ್‌ನಲ್ಲಿರುವ ಮೊಜಿಲ್ಲಾ ಬಗ್ ನಂಬರ್ ಇವತ್ತು ಹಾಕಿದರೆ ಅದೇ ಬಗ್ ತೆರೆಯುತ್ತದೆ. 2015ರ 5.0 ವರ್ಷನ್‌ನಲ್ಲಿ ರೆಸ್ಟ್ ಅನ್ನುವ ಹೊಸ ಎಪಿಐ ಕೊಟ್ಟರು, ಎಕ್ಸ್‌ಎಂಎಲ್-ಆರ್‌ಪಿಸಿ ಅನ್ನುವ ಹಳೇ ಎಪಿಐ ಮುಂದೊಂದು ದಿನ ಇಲ್ಲವಾಗಲಿದೆ ಅಂತ ಹೇಳಿದರು, ಆದರೆ ಅದನ್ನು ಅವತ್ತೇ ಕಿತ್ತು ಹಾಕಲಿಲ್ಲ. ಹಳೇ ಸ್ಕ್ರಿಪ್ಟ್ ಬರೆದವನಿಗೆ ಉಸಿರಾಡಲು ಸಮಯ ಸಿಕ್ಕಿತು. ನನಗೆ ಇದು ತುಂಬಾ ದೊಡ್ಡ ವಿಷಯ.

ಎಷ್ಟೇ ಜಾಗ್ರತೆ ಮಾಡಿದರೂ ಕೆಳಗಿನ ಪದರ ಕೈಕೊಡುವುದು ಉಂಟು. ಬಗ್‌ಜಿಲ್ಲಾದ ಡೇಟಾಬೇಸ್‌ನಲ್ಲಿ 'ಗ್ರೂಪ್ಸ್' ಅಂತ ಒಂದು ಟೇಬಲ್ ಇದೆ. 2018ರಲ್ಲಿ ಬಂದ ಮೈಎಸ್‌ಕ್ಯೂಎಲ್ 8 ಅನ್ನುವ ಡೇಟಾಬೇಸ್ ಸಾಫ್ಟ್‌ವೇರ್ ಆ ಪದವನ್ನೇ ತನಗಾಗಿ ಕಾಯ್ದಿರಿಸಿಕೊಂಡಿತು, ಹಳೇ ಬಗ್‌ಜಿಲ್ಲಾ ಅದರ ಮೇಲೆ ಓಡಲಿಲ್ಲ. ಟ್ರ್ಯಾಕರ್ ಮುಟ್ಟದೇ ಬರೀ ಡೇಟಾಬೇಸ್ ಅಪ್‌ಗ್ರೇಡ್ ಮಾಡಿದವರ ಆಫೀಸಿನಲ್ಲೂ ಟ್ರ್ಯಾಕರ್ ಮಲಗಿತು. ಅದಕ್ಕೇ ಹೇಳುವುದು, ಮೊದಲು ಡೇಟಾಬೇಸ್‌ನ ಕಾಪಿ ತೆಗೆದು ಬೇರೆ ಮಷಿನ್‌ನಲ್ಲಿ ಹಾಕಿ ನೋಡಿ, ಬೆಳಗಿನ ರಿಪೋರ್ಟ್ ಸ್ಕ್ರಿಪ್ಟ್ ಓಡಿಸಿ, ಇಮೇಲ್ ಸಬ್ಜೆಕ್ಟ್ ಸಾಲು ಮೊದಲಿನಂತೇ ಬರ್ತಾ ಇದೆಯಾ ನೋಡಿ. ಎಷ್ಟೋ ಜನರ ಇಮೇಲ್ ಫಿಲ್ಟರ್ ಆ ಒಂದು ಸಾಲಿನ ಮೇಲೆ ನಿಂತಿರುತ್ತದೆ.

ಹಳೆಯದನ್ನೆಲ್ಲ ಎಷ್ಟು ದಿನ ಹೊರುವುದು ಅಂತ ಕೇಳುವವರ ಮಾತಲ್ಲೂ ನ್ಯಾಯ ಇದೆ. ಭದ್ರತೆಗೆ, ಖಾಸಗಿತನಕ್ಕೆ ಕೆಲವನ್ನು ಬಿಡಲೇಬೇಕು. 2019ರಲ್ಲಿ ಜಿರಾ ಕ್ಲೌಡ್ ಅನ್ನುವ ಟ್ರ್ಯಾಕರ್‌ನ ಎಪಿಐನಿಂದ ಯೂಸರ್‌ನೇಮ್ ತೆಗೆದು ಅಕೌಂಟ್ ಐಡಿ ತಂದರು. ಯುರೋಪಿನ ಖಾಸಗಿತನದ ಕಾನೂನು ಅದಕ್ಕೆ ಕಾರಣ. ಸ್ಕ್ರಿಪ್ಟ್‌ಗಳನ್ನು ತಿದ್ದಬೇಕಾಯಿತು, ನಿಜ. ಆದರೆ ತಿಂಗಳುಗಟ್ಟಲೆ ಮೊದಲೇ ಹೇಳಿದ್ದರು. ಹೀಗೆ ಹೇಳಿ ಮಾಡಿದರೆ ನನ್ನದೇನೂ ತಕರಾರಿಲ್ಲ. ಶನಿವಾರ ರಾತ್ರಿ ಯಾರಿಗೂ ಹೇಳದೆ ಬದಲಾಯಿಸಿ ಸೋಮವಾರ 'ಹೊಸದು ಬಂದಿದೆ' ಅಂತ ಮೇಲ್ ಹಾಕುವುದು ಸರಿಯಲ್ಲ.

ಬೇರೆ ಟ್ರ್ಯಾಕರ್‌ಗೆ ಹೋಗಲೇಬೇಕಾದರೆ ಹೊಸದರಲ್ಲಿ 'ಹಳೇ ನಂಬರ್' ಅಂತ ಒಂದು ಫೀಲ್ಡ್ ಇಡಿ, ಹಳೇ ಲಿಂಕ್ ಒತ್ತಿದರೆ ಹೊಸ ಪುಟಕ್ಕೆ ಹೋಗುವ ಹಾಗೆ ಮಾಡಿ. ಚರ್ಚೆ ಮತ್ತು ಫೋಟೊ ತರಲು ಆಗದಿದ್ದರೆ ಹಳೇ ಸರ್ವರ್ ಅನ್ನು ಆಫೀಸಿನ ಒಳಗೇ ಓದಲು ಮಾತ್ರ ಇಟ್ಟುಕೊಳ್ಳಿ. ನಮ್ಮ ತಂಡದಲ್ಲಿ ಈಗ ಬ್ಯಾಕಪ್ ತೆರೆದು ಕೋಡ್‌ನಲ್ಲಿರುವ ಒಂದೊಂದೇ ನಂಬರ್ ಹೊಂದಿಸುತ್ತಾ ಕೂತಿದ್ದೇವೆ.