ರೆಸಿನ್ ಗುಳ್ಳೆಯೂ ಬೆಂಗಳೂರಿನ ಗಾಳಿಯೂ

ರೆಸಿನ್ ಅಂದ್ರೆ ಅಚ್ಚಿಗೆ ಸುರಿದ ಮೇಲೆ ಗಟ್ಟಿಯಾಗೋ ದ್ರವ; ಒಳಗೆ ಗಾಳಿಗುಳ್ಳೆ ಉಳಿದ್ರೆ ಕೆಲಸ ಕೆಡುತ್ತೆ. ಇದನ್ನ ಕಲಿಯೋಕೆ ಬರೋರು ಗುಳ್ಳೆ ತೆಗೆಯೋಕೆ ಅಂತ ಮೊದಲ ವಾರವೇ ಕೇಳ್ತಾರೆ: "ಮೇಡಂ, ವ್ಯಾಕ್ಯೂಮ್ ಪಂಪ್ ಯಾವುದು ತಗೊಳ್ಲಿ?" ತಗೋಬೇಡಿ ಅಂದ್ರೆ ಮುಖ ಸಣ್ಣ ಮಾಡ್ಕೋತಾರೆ. ಇನ್ನಷ್ಟು ದುಡ್ಡು ಸೇರಿಸಿ ಪ್ರೆಶರ್ ಪಾಟ್ (ಒತ್ತಡದಲ್ಲಿ ಗಾಳಿ ತುಂಬೋ ಡಬ್ಬಿ) ತಗೊಳ್ಳಿ ಅಂದ್ರೆ ಇನ್ನೂ ಸಣ್ಣ.

ನಾನೂ ಮೊದಲು ವ್ಯಾಕ್ಯೂಮನ್ನೇ ಕೊಂಡವಳು. ಎಸಿ ಮೆಕ್ಯಾನಿಕ್‌ಗಳ ಹತ್ರ ಇರುತ್ತಲ್ಲ ಆ ಪಂಪು, ದಪ್ಪ ಅಕ್ರಿಲಿಕ್ ಮುಚ್ಚಳದ ಸ್ಟೀಲ್ ಪಾತ್ರೆ. ನೋಡೋಕೇನೋ ಹಬ್ಬ. ಗಾಳಿ ಖಾಲಿಯಾಗ್ತಿದ್ದಂತೆ ಗುಳ್ಳೆಗಳು ಹಿಗ್ಗಿ, ರೆಸಿನ್ನು ಹಾಲಿನ ಹಾಗೆ ಉಕ್ಕಿ, ಆಮೇಲೆ ಧೊಪ್ಪನೆ ಕುಸಿಯುತ್ತೆ. ಲೋಟದಲ್ಲಿ ಮೂರು-ನಾಲ್ಕು ಪಟ್ಟು ಜಾಗ ಬಿಟ್ಟಿಲ್ಲ ಅಂದ್ರೆ ದಿನವಿಡೀ ಪಾತ್ರೆ ಕೆರೀತಾ ಕೂರಬೇಕು. ಇಷ್ಟೆಲ್ಲ ಮಾಡಿ ಅಚ್ಚಿಗೆ ಸುರಿದ್ರೆ, ಸುರಿಯುವಾಗಲೇ ಮತ್ತೆ ಗಾಳಿ ಸೇರ್ಕೊಂಡು ಮೂಲೆಗಳಲ್ಲಿ ಕೂರುತ್ತೆ. ಮೂರು ನಿಮಿಷಕ್ಕೆ ಬಿಗಿಯೋಕೆ ಶುರುವಾಗೋ ಪಾಲಿಯುರೆಥೇನ್ ರೆಸಿನ್ ಆದ್ರಂತೂ ಉಕ್ಕಿದ್ದು ಇಳಿಯೋಕೂ ಪುರುಸೊತ್ತಿಲ್ಲ. ಒಮ್ಮೆ ಮದುವೆ ಹಾರದ ಒಣ ಗುಲಾಬಿಗಳನ್ನ ಎಪಾಕ್ಸಿ ರೆಸಿನ್‌ನಲ್ಲಿಟ್ಟು ವ್ಯಾಕ್ಯೂಮ್ ಕೊಟ್ಟೆ. ದಳಗಳ ಸಂದಿಯಿಂದ ಗುಳ್ಳೆ ಬಂದಿದ್ದೇ ಬಂದಿದ್ದು. ಆ ಹುಡುಗಿಗೆ ಫೋನ್ ಮಾಡಿದ ಸಂಜೆ ಬೇಡ ಬಿಡಿ.

ಇನ್ನೊಂದು ಕಥೆ. ಪಂಪು ಎಷ್ಟು ಗಾಳಿ ತೆಗೆದಿದೆ ಅಂತ ಹೇಳೋ ಗೇಜ್ 29 ಇಂಚು (ಪಾದರಸದ ಲೆಕ್ಕದಲ್ಲಿ) ತೋರಿಸಲೇಬೇಕು ಅಂತಾರೆ ಯೂಟ್ಯೂಬ್‌ನವರು. ನಂದು 27ರ ಹತ್ರ ಬಂದು ನಿಂತುಬಿಡೋದು. ಪಂಪಿನ ಎಣ್ಣೆ ಬದಲಿಸಿದೆ, ಗ್ಯಾಸ್ಕೆಟ್ ಬದಲಿಸಿದೆ, ಅಂಗಡಿಯವರ ಜತೆ ಜಗಳವಾಡಿದೆ. ಪಾಪ, ಅವರದ್ದೇನೂ ತಪ್ಪಿರಲಿಲ್ಲ. ಬೆಂಗಳೂರು ಇರೋದು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲೆ. ಇಲ್ಲಿನ ಗಾಳಿಯ ಒತ್ತಡವೇ ಹತ್ತಿರ ಹತ್ತಿರ 27 ಇಂಚು ಪಾದರಸ. ಇರೋದಷ್ಟನ್ನೂ ತೆಗೆದ ಮೇಲೆ ಪಂಪು ಇನ್ನೆಲ್ಲಿಂದ ತೆಗೆದೀತು? ಅದನ್ನೇ ಮಂಗಳೂರಿಗೆ ಒಯ್ದರೆ 29 ತೋರಿಸುತ್ತೆ.

ಪ್ರೆಶರ್ ಪಾಟ್‌ದು ಉಲ್ಟಾ ದಾರಿ. ಸುರಿದ ಅಚ್ಚನ್ನ ಒಳಗಿಟ್ಟು, ಬೋಲ್ಟ್ ಬಿಗಿದು, ಕಂಪ್ರೆಸರ್‌ನಿಂದ 60 ಪಿಎಸ್‌ಐ (ಚದರ ಇಂಚಿಗೆ 60 ಪೌಂಡ್) ಒತ್ತಡದ ಗಾಳಿ ತುಂಬಿದರೆ ಗುಳ್ಳೆಯ ಗಾತ್ರ ಐದನೇ ಒಂದು ಭಾಗಕ್ಕಿಂತ ಕಮ್ಮಿಯಾಗುತ್ತೆ, ಚಿಕ್ಕವು ರೆಸಿನ್‌ನಲ್ಲೇ ಕರಗಿಹೋಗ್ತವೆ. ನೋಡೋಕೆ ಏನೂ ಇಲ್ಲ, ಒಂದು ಡಬ್ಬಿ ಸುಮ್ಮನೆ ಕೂತಿರುತ್ತೆ. ಗಟ್ಟಿಯಾಗೋವರೆಗೂ ಒತ್ತಡ ಇಳಿಯಬಾರದು. ರಾತ್ರಿ ಪೈಪು ಸೋರಿತೋ, ಬೆಳಿಗ್ಗೆ ಗುಳ್ಳೆಗಳೆಲ್ಲ ವಾಪಸ್. ಅಚ್ಚು ಮಾಡುವಾಗಲೂ ಎಚ್ಚರ ಬೇಕು. ಅಚ್ಚಿನ ಸಿಲಿಕೋನ್ ರಬ್ಬರ್ ಒಳಗೆ ಗಾಳಿ ಉಳಿದಿದ್ರೆ ಒತ್ತಡಕ್ಕೆ ಅಲ್ಲಲ್ಲಿ ತಗ್ಗಾಗಿ, ಅದರಲ್ಲಿ ಎರಕ ಹೊಯ್ದ ವಸ್ತುವಿನ ಮೈಮೇಲೆ ಮೊಡವೆ ಏಳ್ತವೆ. ನನ್ನ ಹಳೇ ವ್ಯಾಕ್ಯೂಮ್ ಪಂಪು ಈಗ ಆ ಸಿಲಿಕೋನ್ ಗಾಳಿ ತೆಗೆಯೋ ಕೆಲಸಕ್ಕೆ ಮಾತ್ರ.

"ಮೇಡಂ, ಮನೇಲಿರೋ ಕುಕ್ಕರ್ ಸಾಕಾಗಲ್ವಾ?" ಇದೂ ಬರುತ್ತೆ ಪ್ರತಿ ಸಲ. ಕುಕ್ಕರ್ ಸೀಟಿ ಹೊಡೆಯೋದು 15 ಪಿಎಸ್‌ಐ ಆಸುಪಾಸಿನಲ್ಲಿ. 60ಕ್ಕೆ ಏರಿಸಬೇಕಂದ್ರೆ ವೆಯ್ಟನ್ನೂ ಸೇಫ್ಟಿ ವಾಲ್ವನ್ನೂ ಮುಚ್ಚಬೇಕು. ಆಗ 25 ಸೆಂ.ಮೀ. ಅಗಲದ ಮುಚ್ಚಳದ ಮೇಲೆ ಬೀಳೋ ಭಾರ ಎರಡು ಟನ್. ಅದರಲ್ಲಿ ಬೇಳೆ ಬೇಯಿಸ್ಕೊಳ್ಳಮ್ಮ ಅಂತೀನಿ.